ತಂಪು ನಮಗೆ, ಬಿಸಿ ಬೀದಿಗೆ

ಬೆಂಗಳೂರಿನಲ್ಲಿ ಈಚೆಗೆ ಮನೆ ಕಟ್ಟಿಸುವವರ ಬಾಯಲ್ಲಿ ಹೊಸದೊಂದು ಮಾತು ಕೇಳಿಬರುತ್ತಿದೆ. ಹಿಂದೆ ಬಾವಿ ಎಲ್ಲಿ, ಆಮೇಲೆ ಬೋರು ಎಷ್ಟು ಅಡಿ, ಅದಾದ ಮೇಲೆ ಕಾರು ನಿಲ್ಲಿಸಲು ಜಾಗವುಂಟೆ ಎಂದು ವಿಚಾರಿಸುತ್ತಿದ್ದವರು ಈಗ ‘ಸೆಂಟ್ರಲ್ ಎ.ಸಿ. ಮಾಡಿಸಿದಿರಾ?’ ಎಂದು ಕೇಳುತ್ತಾರೆ. ಒಂದು ಕೋಣೆಗೆ ಒಂದು ಪೆಟ್ಟಿಗೆ ಎಂಬುದು ಹಳೆಯದಾಯಿತು. ತಾರಸಿಯ ಮೇಲೆ ದೊಡ್ಡದೊಂದು ಯಂತ್ರ, ಗೋಡೆಯೊಳಗೆ ತಾಮ್ರದ ಕೊಳವೆ, ಫಾಲ್ಸ್ ಸೀಲಿಂಗಿನ ಮರೆಯಲ್ಲಿ ಗಾಳಿಯ ಡಕ್ಟು. ಹಜಾರದಿಂದ ಮಲಗುವ ಮನೆಯವರೆಗೆ ಒಂದೇ ಹವೆ. ಇದನ್ನು ನಾಗರಿಕತೆಯ ಮುಂದಿನ ಮೆಟ್ಟಿಲೆಂದು ಹೊಗಳುವವರಿದ್ದಾರೆ. ನನ್ನ ವಾದ ಬೇರೆ. ಈ ಊರಿನ ಮಟ್ಟಿಗೆ ಮನೆಯ ಸೆಂಟ್ರಲ್ ಎ.ಸಿ. ಎಂಬುದು ಬಹುಪಾಲು, ಕೆಟ್ಟದಾಗಿ ಕಟ್ಟಿದ ಮನೆಗೆ ತೆರುವ ದಂಡ. ಆ ದಂಡದಲ್ಲಿ ಒಂದು ಪಾಲನ್ನು ತೆರುವವರು ಮನೆಯವರಲ್ಲ, ನೆರೆಯವರು.

ಮೊದಲಿಗೇ ಒಂದು ಮಾತು. ಯಂತ್ರವನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ಕನ್ನಡ ಮೇಷ್ಟ್ರು ಲೇಖನಿ ಹಿಡಿದರೆಂದರೆ ತಾತನ ಕಾಲದ ಬೀಸಣಿಗೆಯನ್ನು ಹೊಗಳುತ್ತಾರೆಂಬ ಅಪವಾದ ನಮ್ಮ ಕುಲಕ್ಕಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ‘ನಮ್ಮ ಹಿರಿಯರು ಎ.ಸಿ. ಇಲ್ಲದೆ ಬಾಳಲಿಲ್ಲವೆ?’ ಎಂದು ಕೇಳುವ ಮಹನೀಯರಿಗೆ ನಾನು ಹೇಳುವುದಿಷ್ಟೆ: ಬಾಳಿದವರ ಮಾತು ನಮಗೆ ಕೇಳುತ್ತದೆ, ಬಿಸಿಲಿನ ಬೇಗೆಗೆ ತೀರಿಹೋದ ಮುದುಕರೂ ಎಳೆಗೂಸುಗಳೂ ಬಂದು ಸಾಕ್ಷಿ ಹೇಳುವಂತಿಲ್ಲ. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ಶಾಖ 40 ಡಿಗ್ರಿ ದಾಟುವುದು ವಾಡಿಕೆ. ಬೆಂಗಳೂರೇ 2016ರ ಏಪ್ರಿಲಿನಲ್ಲಿ 39.2 ಡಿಗ್ರಿಯನ್ನು ಕಂಡಿತು. ಹೃದ್ರೋಗಿಯ ಕೋಣೆಗೆ, ಎಳೆಗೂಸಿನ ಕೋಣೆಗೆ, ವೃದ್ಧರ ಕೋಣೆಗೆ ತಂಪು ಬೇಕೆಂದರೆ ಅದನ್ನು ಭೋಗವೆಂದು ಜರೆಯುವುದು ನಿರ್ದಯೆ. ಪ್ರಶ್ನೆ ತಂಪು ಬೇಕೆ ಬೇಡವೆ ಎಂಬುದಲ್ಲ. ಎಷ್ಟು, ಯಾವ ದಾರಿಯಿಂದ, ಯಾರ ವೆಚ್ಚದಲ್ಲಿ ಎಂಬುದು.

ಈ ಯಂತ್ರ ಹುಟ್ಟಿದ್ದು ಮನುಷ್ಯನ ಸುಖಕ್ಕಾಗಿ ಅಲ್ಲವೆಂಬುದನ್ನು ನೆನೆಯಬೇಕು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಹವೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವವನ್ನು ಹದಕ್ಕೆ ತರಲು ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಹೂಡಿದ ಉಪಾಯವೇ ಇದರ ಮೂಲ. ‘ಏರ್ ಕಂಡಿಷನಿಂಗ್’ ಎಂಬ ಹೆಸರನ್ನು 1906ರಲ್ಲಿ ಕೊಟ್ಟವನು ಬಟ್ಟೆಗಿರಣಿಗಳ ಇಂಜಿನಿಯರು, ಸ್ಟುವರ್ಟ್ ಕ್ರೇಮರ್. ಕಾಗದಕ್ಕೂ ನೂಲಿಗೂ ಆದದ್ದು ಕ್ರಮೇಣ ಮನುಷ್ಯನಿಗೆ ಆಯಿತು. ಇದನ್ನು ಅಳೆಯುವ ‘ಟನ್’ ಮಾತ್ರ ಇನ್ನೂ ಹಳೆಯ ಕಾಲದ್ದು: ಒಂದು ಅಮೆರಿಕನ್ ಟನ್, ಎಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟು ಕೆಲಸಕ್ಕೆ ಒಂದು ಟನ್ ಎಂದು ಹೆಸರು. ನಮ್ಮ ದೇಶವೂ ಆ ಮಂಜುಗಡ್ಡೆಯನ್ನು ಕಂಡಿದೆ. 1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಅದು ಬಂದಿಳಿಯಿತು. ಮದರಾಸಿನ ಕಡಲತೀರದಲ್ಲಿ ಅದೇ ವ್ಯಾಪಾರಕ್ಕೆಂದು ಕಟ್ಟಿದ ಐಸ್ ಹೌಸ್ ಇಂದಿಗೂ ವಿವೇಕಾನಂದರ ಹೆಸರಿನಲ್ಲಿ ನಿಂತಿದೆ.

ಆದರೆ ಮಂಜುಗಡ್ಡೆಗೂ ಯಂತ್ರಕ್ಕೂ ದೊಡ್ಡದೊಂದು ಭೇದವಿದೆ. ಮಂಜುಗಡ್ಡೆ ಶಾಖವನ್ನು ತಾನೇ ನುಂಗಿ ನೀರಾಗುತ್ತಿತ್ತು. ಯಂತ್ರ ನುಂಗುವುದಿಲ್ಲ, ಸಾಗಿಸುತ್ತದೆ. ಒಳಗಿನ ಶಾಖವನ್ನೂ, ಅದನ್ನು ಸಾಗಿಸಲು ವ್ಯಯವಾದ ವಿದ್ಯುತ್ತಿನ ಶಾಖವನ್ನೂ ಕೂಡಿಸಿ ಹೊರಗೆ ಚೆಲ್ಲುತ್ತದೆ. ಲೆಕ್ಕ ಕಠಿಣವೇನಲ್ಲ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. ಎಂಟು ಟನ್ನಿನ ಯಂತ್ರ ಪೂರ್ತಿ ದುಡಿಯುವಾಗ ಮನೆಯೊಳಗಿಂದ 28 ಕಿಲೋವ್ಯಾಟ್ ಶಾಖವನ್ನು ಹೊರಗೆ ಹಾಕುತ್ತದೆ. ಯಂತ್ರ ಒಳ್ಳೆಯದೇ ಆಗಿದ್ದರೂ ಅದಕ್ಕೆ 8 ಕಿಲೋವ್ಯಾಟ್ ವಿದ್ಯುತ್ತು ಬೇಕೆನ್ನಿ. ಅಲ್ಲಿಗೆ ಹೊರಗೆ ಬೀಳುವುದು 36. ಎರಡು ಕಿಲೋವ್ಯಾಟಿನ ಹದಿನೆಂಟು ಹೀಟರುಗಳನ್ನು ಬೀದಿಗೆ ಮುಖಮಾಡಿ ಉರಿಸಿಟ್ಟಂತೆ! ಆ 8 ಕಿಲೋವ್ಯಾಟಿನಲ್ಲಿ 75 ವ್ಯಾಟಿನ ಫ್ಯಾನುಗಳು ನೂರಕ್ಕೂ ಮೇಲೆ ತಿರುಗುತ್ತವೆ.

‘ಒಳಗಿನ ಶಾಖ ಹೊರಗಿನಿಂದಲೇ ಬಂದದ್ದಲ್ಲವೆ?’ ಎಂದು ತರ್ಕಬಲ್ಲವರು ಕೇಳಬಹುದು. ಬಹುಮಟ್ಟಿಗೆ ನಿಜ. ಆದರೆ ಇಡೀ ಛಾವಣಿಯಿಂದಲೂ ನಾಲ್ಕು ಗೋಡೆಗಳಿಂದಲೂ ಹರಡಿಕೊಂಡು ಬಂದದ್ದನ್ನು ಒಂದೇ ಬಾಯಿಂದ, ವಿದ್ಯುತ್ತಿನ ಬಡ್ಡಿ ಸೇರಿಸಿ, ನೆರೆಯವನ ಕಿಟಕಿಗೆ ಊದುವುದು ಬೇರೆಯ ಸಂಗತಿ. ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ನನ್ನ ಓದುವ ಕೋಣೆಯ ಕಿಟಕಿಗೆ ನಾಲ್ಕು ಅಡಿ ದೂರದಲ್ಲಿ ಪಕ್ಕದ ಮನೆಯ ಅಂಥ ಯಂತ್ರವಿದೆ. ಬೇಸಗೆಯಲ್ಲಿ ಆ ಕಿಟಕಿಯನ್ನು ನಾನು ತೆರೆಯುವಂತಿಲ್ಲ. ವಿನಯದಿಂದಲೇ ಹೇಳಿ ನೋಡಿದೆ. ‘ನಮ್ಮ ಕಾಂಪೌಂಡಿನ ಒಳಗೇ ಇದೆಯಲ್ಲ ಮೇಷ್ಟ್ರೇ!’ ಎಂದು ಅವರೂ ವಿನಯದಿಂದಲೇ ಉತ್ತರಿಸಿದರು. ಯಂತ್ರ ಕಾಂಪೌಂಡಿನ ಒಳಗಿದೆ, ಸರಿ; ಅದು ಉಗುಳುವ ಗಾಳಿಗೆ ಕಾಂಪೌಂಡು ಉಂಟೆ? ನಾನಾದರೂ ಕಿಟಕಿ ಮುಚ್ಚಿ ಫ್ಯಾನು ಹಾಕಿಕೊಂಡೇನು. ತಿರುವಿನಲ್ಲಿ ಕೆಂಡದ ಪೆಟ್ಟಿಗೆ ಹಿಡಿದು ಇಸ್ತ್ರಿ ಮಾಡುವವನು, ಗೇಟಿನ ಬಳಿ ತಗಡಿನ ಗೂಡಿನಲ್ಲಿ ಕುಳಿತ ವಾಚ್‌ಮನ್, ಮೇಲಿನ ಶೀಟಿನ ಮನೆಯ ಬಾಡಿಗೆದಾರರು, ಇವರು ಯಾವ ಕಿಟಕಿ ಮುಚ್ಚಬೇಕು? ಬೀದಿ ಎಂಬುದು ಖಾಲಿ ಜಾಗವಲ್ಲ, ಅಲ್ಲಿ ಜನ ಇದ್ದಾರೆ.

ಇಷ್ಟು ತಂಪು ಏಕೆ ಬೇಕಾಯಿತೆಂದು ನೋಡಿದರೆ ಮನೆಯ ನಕ್ಷೆಯೇ ಉತ್ತರ ಹೇಳುತ್ತದೆ. ಪಡುವಣ ಗೋಡೆಗೆ ನೆಲದಿಂದ ಛಾವಣಿಯವರೆಗೆ ಗಾಜು. ಅದಕ್ಕೆ ಸಜ್ಜಾ ಹಾಕಿದರೆ ಅಂದ ಕೆಡುತ್ತದಂತೆ. ಎರಡು ಅಂತಸ್ತಿನ ಎತ್ತರದ ಹಜಾರ. ಇಡೀ ದಿನದ ಬಿಸಿಲನ್ನು ಕುಡಿದು ರಾತ್ರಿ ಕಾರುವ ಕಾಂಕ್ರೀಟು ಛಾವಣಿ. ಮೊದಲು ಮನೆಯನ್ನು ಒಲೆಯಾಗಿ ಕಟ್ಟಿ, ಆಮೇಲೆ ಅದನ್ನು ಆರಿಸಲು ಲಕ್ಷಗಟ್ಟಲೆ ಸುರಿಯುವುದು! ಹಾಗೆಂದು ಎಲ್ಲರೂ ತೊಟ್ಟಿಮನೆ ಕಟ್ಟಿಸಿ ಎಂದು ನಾನು ಉಪದೇಶಿಸುವುದಿಲ್ಲ. 30×40ರ ನಿವೇಶನದಲ್ಲಿ ತೊಟ್ಟಿಗೆ ಜಾಗವಿಲ್ಲ. ಆದರೆ ಆ ನಿವೇಶನದಲ್ಲೂ ಪಡುವಣ ಕಿಟಕಿಗೆ ಆಳವಾದ ಸಜ್ಜಾ ಕೂರುತ್ತದೆ, ತಾರಸಿಗೆ ಬಿಳಿಯ ಬಣ್ಣ ಬಳಿಯಬಹುದು, ಎದುರುಬದುರಾಗಿ ಕಿಟಕಿಗಳನ್ನಿಟ್ಟು ಸೊಳ್ಳೆಯ ಜಾಲರಿ ಹಾಕಿಸಬಹುದು, ಒಂದು ಹೊಂಗೆ ನೆಡಬಹುದು. ಇದಕ್ಕೆ ಬೀಳುವ ಖರ್ಚು ಡಕ್ಟಿನ ಖರ್ಚಿನ ಒಂದು ಅಂಶವೂ ಅಲ್ಲ.

ಈ ಊರಿಗೆ ಇನ್ನೂ ಒಂದು ಭಾಗ್ಯವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲಿನಲ್ಲೂ ಬೆಳಗಿನ ಜಾವಕ್ಕೆ ಹೊರಗಿನ ಹವೆ ಸಾಮಾನ್ಯವಾಗಿ 22–23 ಡಿಗ್ರಿಗೆ ಇಳಿಯುತ್ತದೆ. ಮಂಗಳೂರಿನವರಿಗೂ ಮದರಾಸಿನವರಿಗೂ ಈ ಭಾಗ್ಯವಿಲ್ಲ. ಕೋಣೆಯ ಎ.ಸಿ.ಗಳನ್ನು 24 ಡಿಗ್ರಿಗೆ ಇಟ್ಟೇ ಮಾರಬೇಕೆಂಬ ನಿಯಮ 2020ರ ಜನವರಿಯಿಂದ ಬಂದಿದೆ. ಎಂದರೆ, ಹೊರಗೆ ಪುಕ್ಕಟೆಯಾಗಿ ಬೀಸುವ 22 ಡಿಗ್ರಿಯ ಗಾಳಿಗೆ ಕಿಟಕಿ ಮುಚ್ಚಿ, ಒಳಗೆ ಕಾಸು ಕೊಟ್ಟು 24 ಡಿಗ್ರಿಯ ಗಾಳಿಯನ್ನು ತಯಾರಿಸಿಕೊಳ್ಳುವ ಮನೆಗಳು ನಮ್ಮ ನಡುವೆ ಇವೆ. ಇದಕ್ಕೆ ನಾಗರಿಕತೆಯೆಂದು ಹೆಸರೆ?

ಇಷ್ಟಾದರೂ ಮಾಡಿಸಲೇಬೇಕೆನ್ನುವವರು ಕೆಲವು ಪ್ರಶ್ನೆಗಳನ್ನಾದರೂ ಕೇಳಲಿ. ಇಷ್ಟು ಚದರಡಿಗೆ ಇಷ್ಟು ಟನ್ ಎಂದು ಬೆರಳು ಮಡಿಸುವವನನ್ನು ನಂಬಬಾರದು; ಪ್ರತಿ ಕೋಣೆಯ ದಿಕ್ಕು, ಗಾಜು, ಛಾವಣಿ, ವಾಸಿಸುವ ಜನ, ಇವನ್ನು ನೋಡಿ ಶಾಖದ ಲೆಕ್ಕ ಬರೆದು ಕೊಡುವಂತೆ ಕೇಳಬೇಕು. ‘ಇರಲಿ, ಒಂದು ಟನ್ ಹೆಚ್ಚಿಗೆ’ ಎಂಬ ಔದಾರ್ಯವೂ ಕೆಡುಕೇ. ಅಳತೆ ಮೀರಿದ ಯಂತ್ರ ಬೇಗನೆ ತಣಿಸಿ ಬೇಗನೆ ನಿಲ್ಲುತ್ತದೆ; ಹವೆಯ ತೇವ ಹಾಗೆಯೇ ಉಳಿದು ಕೋಣೆ ಹಸಿಹಸಿಯಾಗುತ್ತದೆ. ಅಮೆರಿಕದಂಥ ಅನುಭವಸ್ಥ ದೇಶದಲ್ಲೇ ಸಾಮಾನ್ಯ ಮನೆಯ ಡಕ್ಟುಗಳಲ್ಲಿ ಹರಿಯುವ ಗಾಳಿಯ 20ರಿಂದ 30 ಪಾಲು ಸೋರಿಹೋಗುತ್ತದೆಂದು ಅಲ್ಲಿನ ಸರ್ಕಾರವೇ ಹೇಳಿದೆ. ನಮ್ಮಲ್ಲಿ ಸೀಲಿಂಗು ಮುಚ್ಚುವ ಮೊದಲು ಸೋರಿಕೆಯನ್ನು ಪರೀಕ್ಷಿಸುವಿರಾ ಎಂದು ಕೇಳಬೇಕು. ಜನರಿಲ್ಲದ ಕೋಣೆಯನ್ನು ಬೇರೆಯಾಗಿ ನಿಲ್ಲಿಸಬಹುದೆ? ಹೊರಗಿನ ಹೊಸ ಗಾಳಿಗೆ ದಾರಿ ಇಟ್ಟಿದೆಯೆ, ಅಥವಾ ಉಸಿರಾಡಿದ ಗಾಳಿಯೇ ಸುತ್ತಿ ಸುತ್ತಿ ಬರುವುದೆ? ಕೊಳವೆಯಲ್ಲಿ ತುಂಬುವ ಅನಿಲ ಯಾವುದು? ಸೋರಿದರೆ ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಆರ್-32 ಇಂಗಾಲದ ಡೈಆಕ್ಸೈಡಿನ 675 ಪಟ್ಟು, ಆರ್-410ಎ 2088 ಪಟ್ಟು. ಕೊನೆಯದಾಗಿ, ಹೊರಗಿನ ಪೆಟ್ಟಿಗೆ ಯಾರ ಮುಖಕ್ಕೆ ಊದುತ್ತದೆ?

ಈ ಕೊನೆಯ ಪ್ರಶ್ನೆಯನ್ನು ಸೌಜನ್ಯಕ್ಕೆ ಬಿಟ್ಟು ಕುಳಿತರೆ ಆಗದು. ಮನೆ ಕಟ್ಟುವವರ ಅನುಕೂಲಕ್ಕೆಂದು 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ಇಕೋ ನಿವಾಸ್ ಸಂಹಿತಾ’ ಎಂಬ ಕಟ್ಟಳೆಯನ್ನು ಪ್ರಕಟಿಸಿತು. ಗೋಡೆ ಕಿಟಕಿಗಳಿಂದ ಒಳಬರುವ ಶಾಖಕ್ಕೆ ಅದು ಮಿತಿ ಹಾಕುತ್ತದೆ. ಆದರೆ ಆಗ ಅದನ್ನು ಗೊತ್ತುಮಾಡಿದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. 30×40 ಎಂದರೆ ಕೇವಲ 111 ಚದರ ಮೀಟರ್. ಗೋಡೆಗೆ ಗೋಡೆ ತಾಗುವಂತೆ ಜನ ಬದುಕುವುದು ಇಲ್ಲಿಯೇ. ಕೊಳೆನೀರನ್ನು ನೆರೆಯವನ ಅಂಗಳಕ್ಕೆ ಬಿಡಬಾರದೆಂಬುದನ್ನು ಎಲ್ಲರೂ ಒಪ್ಪುತ್ತೇವೆ. ಮನೆಯ ನಕ್ಷೆಯಲ್ಲಿ ಕೊಳೆನೀರಿನ ದಾರಿಯನ್ನು ತೋರಿಸುತ್ತೇವೆ. ಅದೇ ನಕ್ಷೆಯಲ್ಲಿ ಮನೆಯ ಶಾಖದ ದಾರಿಯನ್ನೂ ತೋರಿಸಬೇಕು, ಅದು ನೆರೆಯ ಕಿಟಕಿಗೂ ಕಾಲುದಾರಿಗೂ ತಾಗುವಂತಿದ್ದರೆ ಒಪ್ಪಿಗೆ ಸಿಗಬಾರದು. ಪಾಲಿಕೆಯವರು ಇದನ್ನು ಕೇಳುವ ದಿನ ಬರುವವರೆಗೆ, ಮನೆ ಕಟ್ಟಿಸುವ ಮಹನೀಯರು ತಾವಾಗಿಯೇ ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳಬಹುದು. ಅದಕ್ಕೆ ಯಾವ ಕಾನೂನೂ ಅಡ್ಡಿ ಬರುವುದಿಲ್ಲ.