ಸಾಕಿದ ಜೀವಕ್ಕೆ ಎಂಥ ವಿಮೆ ಬೇಕು

ಕಿವಿಗೆ ಓಲೆ ಹಾಕಿಸಿ, ಪಶುವೈದ್ಯರಿಂದ ಬೆಲೆ ಕಟ್ಟಿಸಿ ಹಸು ಎಮ್ಮೆಗಳಿಗೆ ಮಾಡಿಸುವ ವಿಮೆ ಕರ್ನಾಟಕದ ರೈತರಿಗೆ ಹೊಸದಲ್ಲ. ರಾಸು ಸತ್ತರೆ ಕಟ್ಟಿದ ಬೆಲೆಯ ಮೇರೆಗೆ ಪರಿಹಾರ ಬರುತ್ತದೆಂಬುದೂ ಅವರಿಗೆ ಗೊತ್ತಿರುವ ಸಂಗತಿಯೇ. ಭಾರತದ ಸಾರ್ವಜನಿಕ ವಲಯದ ವಿಮಾ ಕಂಪನಿಗಳು ನಾಯಿಗಳಿಗೆಂದು ಮೊದಲು ರೂಪಿಸಿದ ಪಾಲಿಸಿಗಳು ಬಹುಮಟ್ಟಿಗೆ ಇದೇ ಅಚ್ಚಿನವು, ಅಂದರೆ ಅಪಘಾತ ಅಥವಾ ಕಾಯಿಲೆಯಿಂದ ಪ್ರಾಣಿ ಸತ್ತಾಗ ಅದರ ಬೆಲೆಯನ್ನು ತುಂಬಿಕೊಡುವುದು ಅವುಗಳ ಮುಖ್ಯ ಉದ್ದೇಶ. ಹಾಲು ಕರೆಯುವ ರಾಸು ಒಂದು ಕುಟುಂಬದ ಜೀವನೋಪಾಯವಾದ್ದರಿಂದ ಅಲ್ಲಿ ಈ ಲೆಕ್ಕ ನ್ಯಾಯವಾದದ್ದು. ಆದರೆ ಮನೆಯೊಳಗೆ ಮಕ್ಕಳೊಡನೆ ಬೆಳೆಯುವ ನಾಯಿ ಬೆಕ್ಕುಗಳ ವಿಷಯದಲ್ಲಿ ಮನೆಯವರು ಬಯಸುವುದು ಸತ್ತ ಮೇಲಿನ ಹಣವನ್ನಲ್ಲ, ಬದುಕಿಸಿಕೊಳ್ಳಲು ಬೇಕಾದ ಹಣವನ್ನು. ಆದ್ದರಿಂದ ವಿಮೆ ಮಾಡಿಸುವವರು ಕಂತು ಎಷ್ಟೆಂದು ವಿಚಾರಿಸುವುದಕ್ಕೂ ಮೊದಲು, ಈ ಪಾಲಿಸಿ ಪ್ರಾಣಿಯ ಬೆಲೆಗೋ ಚಿಕಿತ್ಸೆಗೋ ಎಂದು ಕೇಳಿ ತಿಳಿಯಬೇಕೆಂಬುದು ಈ ಬರಹದ ಮೊದಲ ಮನವಿ.

ಈಚಿನ ವರ್ಷಗಳಲ್ಲಿ ಖಾಸಗಿ ಕಂಪನಿಗಳು ಚಿಕಿತ್ಸಾ ವೆಚ್ಚ ಭರಿಸುವ ಪಾಲಿಸಿಗಳನ್ನೂ ತಂದಿವೆ. ಆದರೆ ಅವುಗಳಲ್ಲಿಯೂ ‘ಚಿಕಿತ್ಸೆ’ ಎಂದರೆ ಏನೆಂಬುದನ್ನು ಬಿಡಿಸಿ ನೋಡಬೇಕು. ಉಣ್ಣೆ ಕಚ್ಚುವುದರಿಂದ ಹರಡುವ ಜ್ವರ ಈ ನಾಡಿನ ನಾಯಿಗಳನ್ನು ಪದೇಪದೇ ಕಾಡುವ ರೋಗ. ಅದಕ್ಕೆ ರಕ್ತಪರೀಕ್ಷೆ, ಡ್ರಿಪ್, ವಾರಗಟ್ಟಲೆ ಮಾತ್ರೆ, ಮತ್ತೆ ರಕ್ತಪರೀಕ್ಷೆ ಎಂದು ಖರ್ಚು ಬೆಳೆಯುತ್ತ ಹೋಗುತ್ತದೆಯಾದರೂ, ನಾಯಿಯನ್ನು ದಿನವೂ ಕರೆದೊಯ್ದು ಸಂಜೆಗೆ ಮನೆಗೆ ಕರೆತರುವುದೇ ಹೆಚ್ಚು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದರೆ ಮಾತ್ರ ಹಣ ಕೊಡುವ ಪಾಲಿಸಿಯಿಂದ ಇಂಥ ಜ್ವರಕ್ಕೆ ಒಂದು ರೂಪಾಯಿಯೂ ಸಿಗಲಾರದು. ಇದಕ್ಕೆ ಬದಲಾಗಿ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದಾಗ, ಅಥವಾ ಗಂಡುಬೆಕ್ಕಿನ ಮೂತ್ರನಾಳ ಕಟ್ಟಿಕೊಂಡಾಗ, ತುರ್ತಾಗಿ ದಾಖಲಿಸದಿದ್ದರೆ ಜೀವವೇ ಹೋಗುತ್ತದೆ. ಅಲ್ಲಿ ಅದೇ ಪಾಲಿಸಿ ಉಪಯೋಗಕ್ಕೆ ಬರಬಹುದು.

ಹಣದ ಮಿತಿಗಳನ್ನು ಓದುವುದೂ ಅಷ್ಟೇ ಮುಖ್ಯ. ವಿಮಾ ಮೊತ್ತವೆಂದರೆ ಪಾಲಿಸಿಯ ಅವಧಿಯಲ್ಲಿ ಕಂಪನಿ ಕೊಡಬಹುದಾದ ಗರಿಷ್ಠ ಹಣ. ಉಪಮಿತಿಯೆಂದರೆ ಅದರೊಳಗೆ ಒಂದೊಂದು ಬಗೆಯ ಖರ್ಚಿಗೆ ಹಾಕಿದ ಗೆರೆ. ಸಹಪಾವತಿಯೆಂದರೆ ಪ್ರತಿ ಬಿಲ್ಲಿನಲ್ಲಿ ಮಾಲೀಕರೇ ಹೊರಬೇಕಾದ ಪಾಲು. ಶಸ್ತ್ರಚಿಕಿತ್ಸೆಯ ಬಿಲ್ಲು 40,000 ರೂಪಾಯಿ, ಅದರ ಉಪಮಿತಿ 25,000 ರೂಪಾಯಿ, ಸಹಪಾವತಿ ಶೇ. 20 ಎಂದಿಟ್ಟುಕೊಂಡರೆ, ಉಪಮಿತಿಯ ಮೊತ್ತದಿಂದಲೇ ಸಹಪಾವತಿಯನ್ನು ಕಳೆಯುವ ಷರತ್ತಿರುವಲ್ಲಿ ಕೈಗೆ ಬರುವುದು 20,000 ರೂಪಾಯಿ ಮಾತ್ರ, ವಿಮಾ ಮೊತ್ತ ಲಕ್ಷ ರೂಪಾಯಿಯೆಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿದ್ದರೂ ಸಹ.

ಇನ್ನು ಹೊರಗಿಟ್ಟ ಸಂಗತಿಗಳು. ಪಾಲಿಸಿ ಆರಂಭವಾದ ಮೇಲೆ ಕಾಯಿಲೆಯ ಕ್ಲೇಮು ಸಲ್ಲದ ಕೆಲವು ದಿನಗಳಿಗೆ ನಿರೀಕ್ಷಣಾ ಅವಧಿ ಎನ್ನುತ್ತಾರೆ. ಮೊದಲೇ ಇದ್ದ ಕಾಯಿಲೆಗಳಿಗೆ ಸಾಮಾನ್ಯವಾಗಿ ರಕ್ಷಣೆಯಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಕಾಣಿಸುವ ಸೊಂಟದ ಕೀಲಿನ ದೋಷದಂಥ ಆನುವಂಶಿಕ ತೊಂದರೆಗಳನ್ನೂ ಅನೇಕ ಪಾಲಿಸಿಗಳು ಬಿಟ್ಟಿರುತ್ತವೆ. ಪಾರ್ವೊ, ಡಿಸ್ಟೆಂಪರ್, ರೇಬೀಸ್‌ಗಳಂಥ, ಲಸಿಕೆಯಿಂದ ತಡೆಯಬಹುದಾದ ರೋಗ ಬಂದಾಗ ಲಸಿಕೆ ಹಾಕಿಸಿದ ದಾಖಲೆಯಿಲ್ಲದಿದ್ದರೆ ಕ್ಲೇಮು ಬಿದ್ದುಹೋಗುವ ಸಂಭವವೇ ಹೆಚ್ಚು. ಆದಕಾರಣ ದಿನಾಂಕ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆಗಳಿರುವ ಲಸಿಕೆ ಕಾರ್ಡನ್ನು ಮನೆಯ ಉಳಿದ ಕಾಗದಪತ್ರಗಳಷ್ಟೇ ಜೋಪಾನವಾಗಿಡಬೇಕು. ಮುದಿಯಾದ ಪ್ರಾಣಿಯನ್ನು ಹೊಸದಾಗಿ ವಿಮೆಗೆ ಸೇರಿಸಿಕೊಳ್ಳುವ ಕಂಪನಿಗಳು ವಿರಳವಾದ್ದರಿಂದ, ಮರಿ ಆರೋಗ್ಯವಾಗಿರುವಾಗಲೇ ಈ ಕೆಲಸ ಆಗಬೇಕು.

ವಿಮೆಯಾದ ಪ್ರಾಣಿ ಇದೇ ಎಂದು ತೋರಿಸುವ ಹೊಣೆ ಮಾಲೀಕರದು. ಚರ್ಮದಡಿ ಕೂರಿಸುವ, ಅಕ್ಕಿಕಾಳಿನಷ್ಟು ಚಿಕ್ಕದಾದ, 15 ಅಂಕಿಗಳ ಗುರುತುಸಂಖ್ಯೆಯ ಮೈಕ್ರೋಚಿಪ್ ಇದಕ್ಕೆ ಒಳ್ಳೆಯ ಉಪಾಯ. ಮುಧೋಳ ನಾಯಿಯನ್ನಾಗಲಿ, ಬೀದಿಯಿಂದ ತಂದು ಸಾಕಿದ ನಾಡನಾಯಿಯನ್ನಾಗಲಿ ವಂಶಾವಳಿ ಪತ್ರವಿಲ್ಲದೆ ಸೇರಿಸಿಕೊಳ್ಳುತ್ತಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಬೇಕು. ಪೇಟೆಯಲ್ಲಿ ಬೆಲೆಯಿಲ್ಲವೆಂಬ ಕಾರಣಕ್ಕೆ ನಾಡನಾಯಿಯ ಚಿಕಿತ್ಸೆಯನ್ನೂ ಕೀಳಾಗಿ ಕಾಣುವ ಪಾಲಿಸಿ ಕೊಳ್ಳಲು ಯೋಗ್ಯವಲ್ಲ. ನಾಯಿ ಪರರನ್ನು ಕಚ್ಚಿದರೆ ಕೊಡಬೇಕಾಗುವ ಪರಿಹಾರವನ್ನು ಭರಿಸುವ ಮೂರನೆಯ ವ್ಯಕ್ತಿಯ ಹೊಣೆಗಾರಿಕೆಯ ರಕ್ಷಣೆಯೂ ಉಪಯುಕ್ತ. ಆದರೆ ಸಾಕುಪ್ರಾಣಿಯ ಬಗ್ಗೆ ತೋರಿದ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ವಿಧಿಸುವ ಆರು ತಿಂಗಳವರೆಗಿನ ಸೆರೆಯನ್ನಾಗಲಿ, 5,000 ರೂಪಾಯಿವರೆಗಿನ ದಂಡವನ್ನಾಗಲಿ ಯಾವ ವಿಮೆಯೂ ತನ್ನ ಮೇಲೆ ಹಾಕಿಕೊಳ್ಳುವುದಿಲ್ಲ.

ಪ್ರಸ್ತಾವನಾ ನಮೂನೆಯಲ್ಲಿ ವಯಸ್ಸು, ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಬೇಕು. ಮುಚ್ಚಿಟ್ಟದ್ದು ಹೊರಬಿದ್ದರೆ ಕಟ್ಟಿದ ಕಂತೆಲ್ಲ ವ್ಯರ್ಥ. ನ್ಯಾಯವಾದ ಕ್ಲೇಮನ್ನು ಕಂಪನಿ ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದಲ್ಲಿ, ವೈಯಕ್ತಿಕ ಪಾಲಿಸಿದಾರರು ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಶುಲ್ಕವಿಲ್ಲದೆ ಮೊರೆಹೋಗಬಹುದು. ಓದುಗರು ಬಣ್ಣದ ಕರಪತ್ರವನ್ನು ನಂಬಿ ಹಣ ಕಟ್ಟದೆ, ಷರತ್ತುಗಳ ಪೂರ್ಣ ಪ್ರತಿಯನ್ನು ಕೇಳಿ ಪಡೆದು, ಅದನ್ನು ತಮ್ಮ ಪಶುವೈದ್ಯರ ಮುಂದಿಟ್ಟು ಈ ಪ್ರಾಣಿಗೆ ಬರಬಹುದಾದ ಯಾವ ಯಾವ ರೋಗಗಳಿಗೆ ಇದರಲ್ಲಿ ರಕ್ಷಣೆಯಿದೆಯೆಂದು ವಿಚಾರಿಸಿದ ನಂತರವೇ ಸಹಿ ಹಾಕಬೇಕೆಂದು ಕಳಕಳಿಯ ಪ್ರಾರ್ಥನೆ.