ಬೀಸುವ ಕಲ್ಲಿಗೆ ಬಂದ ಯೋಗ

ಹಳೆಯ ವಸ್ತುಗಳಿಗೆ ಈಗ ಒಳ್ಳೆಯ ಕಾಲ ಬಂದಿದೆ. ಹಳೆಯ ಊಟಕ್ಕೂ ಬಂದಿದೆಯೇ ಎಂಬುದು ಮಾತ್ರ ನನ್ನ ಸಂಶಯ.

ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನ ನಮ್ಮ ಚಿಕ್ಕಪ್ಪನವರು ಅಜ್ಜಿಯನ್ನೂ ನನ್ನನ್ನೂ ಒಂದು ಭಾರಿ ಹೋಟೆಲಿಗೆ ಊಟಕ್ಕೆ ಕರೆದೊಯ್ದರು. ಬಾಗಿಲಲ್ಲಿ ಬಂಡಿಯ ಗಾಲಿ. ಒಳಗೆ ಮರದ ಕಂಬ, ಕಂದೀಲು, ಹಿತ್ತಾಳೆಯ ಕೊಡ. ನಡುವೆ ಹೂವಿನಿಂದ ಸಿಂಗರಿಸಿದ ಒಂದು ಬೀಸುವ ಕಲ್ಲು. ಬಡಿಸುವವರು ಪಂಚೆಯುಟ್ಟು ರುಮಾಲು ಸುತ್ತಿದ್ದರು. ಜೋಳದ ರೊಟ್ಟಿ ನಾಲ್ಕು ತುಂಡಾಗಿ ಬಂತು; ಎಣ್ಣೆಗಾಯಿ ಪುಟ್ಟ ಬಟ್ಟಲಲ್ಲಿ ಬಂತು. ಆ ಬಿಲ್ಲಿನ ಹಣದಲ್ಲಿ ನಮ್ಮ ಕೂಡ್ಲಿಗಿಯ ಸಂತೆಯಿಂದ ಮನೆಗೆ ತಿಂಗಳ ಜೋಳ ತರಬಹುದಿತ್ತು. ಅಜ್ಜಿ ಊಟಕ್ಕಿಂತ ಹೆಚ್ಚಾಗಿ ಕಲ್ಲನ್ನೇ ನೋಡುತ್ತಿದ್ದಳು. ಕೊನೆಗೆ ಕೇಳಿದಳು: "ಇದಕ್ಕ ಗೂಟಾನ ಇಲ್ಲಲ್ಲೋ ತಮ್ಮಾ, ಹೆಂಗ ಬೀಸ್ತಾರ?"

ಚಿಕ್ಕಪ್ಪನವರು ನಕ್ಕರು. ನನಗೇಕೋ ನಗು ಬರಲಿಲ್ಲ.

ಹೋಟೆಲಿನವರನ್ನು ಹಳಿಯುವುದು ಸುಲಭ. ಆದರೆ ನಮ್ಮ ಮನೆಯ ಬೀಸುವ ಕಲ್ಲೆಲ್ಲಿ? ಹಿತ್ತಲಿನ ಬಚ್ಚಲ ಬಳಿ ಕೆಸರಿನಲ್ಲಿ ಹೂತುಹೋಗಿದೆ. ಅವರು ಹೂವನ್ನಾದರೂ ಏರಿಸಿದ್ದಾರೆ! ಗಿರಣಿ ಬಂದ ಮೇಲೆ ಕಲ್ಲನ್ನು ಬಿಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕೋಳಿ ಕೂಗುವ ಮುನ್ನವೇ ಎದ್ದು ಬೀಸಿ ಬೀಸಿ ಅಜ್ಜಿಯ ಅಂಗೈ ಜಡ್ಡುಗಟ್ಟಿದೆ. ಆ ದುಡಿಮೆಯನ್ನು ಮರೆತು ಕಲ್ಲನ್ನಷ್ಟೇ ಮೆರೆಸುವುದು ನನಗೊಪ್ಪಿಗೆಯಿಲ್ಲ.

ಹಳೆಯದನ್ನು ಉಳಿಸಲು ಬೇರೆ ದಾರಿಯೂ ಉಂಟು. ಮರುದಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿಗೆ ಹೋದೆವು. ಅದು ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಉಪಾಹಾರ ಗೃಹ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಅಲ್ಲಿ ಹಳೆಯದು ನೋಟಕ್ಕಷ್ಟೇ ಇಲ್ಲ, ತಟ್ಟೆಯಲ್ಲಿದೆ. ಅದಕ್ಕಾಗಿ ಜನ ಇಂದಿಗೂ ಸಾಲುಗಟ್ಟಿ ಕಾಯುತ್ತಾರೆ.

ಅಕ್ಕಿಯಿಲ್ಲದಾಗ ರವೆ ಅವರ ಕೈಹಿಡಿದಂತೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬೆದ್ದಲು ಸೀಮೆಯನ್ನು ಸಾಕಿದ್ದು ಜೋಳ. ಹೀಗಿದ್ದೂ ನಮ್ಮ ತರಗತಿಯಲ್ಲಿ ರೊಟ್ಟಿಯ ಡಬ್ಬಿಯನ್ನು ಮುಚ್ಚಳದ ಮರೆಯಲ್ಲಿಟ್ಟು ಉಣ್ಣುವವರಿದ್ದಾರೆ. ನಾನೂ ಹಾಗೆ ಉಂಡವನೇ. ಊರಲ್ಲಿ ನಾಚಿಕೆಯಾಗಿದ್ದ ರೊಟ್ಟಿ ಬೆಂಗಳೂರಿನಲ್ಲಿ ಪ್ರತಿಷ್ಠೆಯಾಯಿತೆಂದರೆ, ದೋಷ ರೊಟ್ಟಿಯದಂತೂ ಅಲ್ಲವಷ್ಟೆ?

ಆದುದರಿಂದ ನನ್ನದೊಂದು ಸೂಚನೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾವು ಪಲಾವು ತರಿಸುತ್ತೇವೆ. ಬರುವ ವರ್ಷ, ರೊಟ್ಟಿ ತಟ್ಟಿ ಮಾರಿ ಸಂಸಾರ ನಡೆಸುವ ನಮ್ಮೂರ ತಾಯಂದಿರಿಂದಲೇ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಗಳನ್ನು ತಕ್ಕ ಬೆಲೆ ಕೊಟ್ಟು ತರಿಸೋಣ. ಪಂಕ್ತಿಯಲ್ಲಿ ಕುಳಿತು ಎಲ್ಲರೆದುರಿಗೇ ಉಣ್ಣೋಣ. ಅದಕ್ಕೆ ಬಂಡಿಯ ಗಾಲಿಯೂ ಬೇಡ, ಕಂದೀಲೂ ಬೇಡ. ಆ ದಿನ ಅಜ್ಜಿಯನ್ನು ಕರೆತರುವ ಹೊಣೆ ನನ್ನದು.