ಚಿನ್ನ ಹೋಯಿತು, ದಿಬ್ಬ ಉಳಿಯಿತು

ಎಕ್ಕಂಬಿಯ ಕೃಷಿಕನಿಗೆ ಬೆಟ್ಟವೆಂದರೆ ಸೊಪ್ಪು, ದರಕು, ತೋಟಕ್ಕಿಳಿಯುವ ನೀರು. ಕೋಲಾರ ಚಿನ್ನದ ಗಣಿಯ ಕಾಲೋನಿಯಲ್ಲಿ ಬೆಳೆದ ಮಗುವಿಗೆ ಬೆಟ್ಟವೆಂದರೆ ಸೈನೈಡ್ ದಿಬ್ಬ. ಅದನ್ನು ಪ್ರಕೃತಿ ಕಟ್ಟಿದ್ದಲ್ಲ, ಕಂಪನಿ ಕಟ್ಟಿದ್ದು.

1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದವನು ಲಾವೆಲ್ ಎಂಬ ಮಾಜಿ ಸೈನಿಕ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಾಲಿಟ್ಟಿತು. ಆರ್ಕಾಟ್ ಸೀಮೆಯಿಂದ ಬಂದ ಕೂಲಿಕಾರರು, ಬಹುಪಾಲು ದಲಿತರು, ಕ್ರಮೇಣ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದರು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗೆ; ಬೆಂಗಳೂರು 1905ರವರೆಗೆ ಕಾಯಬೇಕಾಯಿತು. ನದಿ ಒಂದೂರಿನದು, ಬೆಳಕು ಇನ್ನೊಂದೂರಿನದು ಎಂಬ ಲೆಕ್ಕ ಬೇಡ್ತಿ, ಕಾಳಿ ಕಣಿವೆಗಳ ಜನರಿಗೆ ಹೊಸತೇನಲ್ಲ.

1956ರಲ್ಲಿ ಗಣಿ ರಾಜ್ಯದ ವಶಕ್ಕೆ ಬಂತು, 1962ರಲ್ಲಿ ಕೇಂದ್ರದ ಕೈಸೇರಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ನಷ್ಟದ ಕಾರಣ ನೀಡಿ 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಲಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಬಿಟ್ಟುಹೋದ ಗಣಿತ್ಯಾಜ್ಯ ಸುಮಾರು 3.3 ಕೋಟಿ ಟನ್.

ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿಯುವುದೇ ಈ ಗಣಿತ್ಯಾಜ್ಯ. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಬಹುಮಟ್ಟಿಗೆ ಒಡೆದುಹೋಗುತ್ತದೆ. ಹೆಸರು ಮಾತ್ರ ಉಳಿದಿದೆ ಎಂದು ಸಮಾಧಾನ ಹೇಳುವವರುಂಟು. ಆದರೆ ನುಣ್ಣನೆಯ ಕಲ್ಲಿನ ಧೂಳು ಒಡೆದುಹೋಗುವುದಿಲ್ಲ. ಬೇಸಿಗೆಯ ಗಾಳಿಗೆ ಅದು ಮನೆಯಂಗಳಕ್ಕೂ ಉಸಿರಿಗೂ ಇಳಿಯುತ್ತದೆ. ಗಣಿಯೊಳಗೆ ಶ್ವಾಸಕೋಶಗಳನ್ನು ಕಲ್ಲಾಗಿಸಿದ ಸಿಲಿಕೋಸಿಸ್ ರೋಗಕ್ಕೆ ಇಂಥ ಧೂಳೇ ಕಾರಣ.

ಮುಚ್ಚುವ ಯೋಜನೆಯನ್ನೂ ಅದಕ್ಕೆ ಹಣದ ಭದ್ರತೆಯನ್ನೂ ಒದಗಿಸದೆ ಗಣಿಗಾರಿಕೆ ಮಾಡಕೂಡದೆಂಬ ನಿಯಮ ದೇಶದಲ್ಲಿ ಬಂದದ್ದು 2003ರಲ್ಲಿ, ಕೋಲಾರದ ಬಾಗಿಲು ಮುಚ್ಚಿದ ಎರಡು ವರ್ಷಕ್ಕೆ. ಲಾಭದ ಶತಮಾನದಲ್ಲಿ ಸ್ವಚ್ಛತೆಗೆಂದು ತೆಗೆದಿಡಬೇಕಾಗಿದ್ದ ಪಾಲನ್ನು ಯಾರೂ ತೆಗೆದಿಡಲಿಲ್ಲ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು 13 ದಿಬ್ಬಗಳ ಸಾವಿರ ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವನೆಗೆ ಒಪ್ಪಿತು. ಇದು ಕೆಡುಕೇ ಆಗಬೇಕೆಂದಿಲ್ಲ. ದಿಬ್ಬ ಕರಗಿ, ಕೆಲಸ ಕಳೆದುಕೊಂಡವರ ಮಕ್ಕಳಿಗೆ ದುಡಿಮೆ ದೊರೆತರೆ ಯಾರೂ ಬೇಡವೆನ್ನರು. ಆದರೆ ಎರಡನೆಯ ಬಾರಿ ಅರೆದ ಮಣ್ಣು ಎಲ್ಲಿಗೆ ಹೋಗುತ್ತದೆ, ಅದರ ಮೇಲೆ ಹಸಿರು ಬೆಳೆಸುವ ಹಣ ಯಾರ ಖಾತೆಯಲ್ಲಿರುತ್ತದೆ ಎಂಬುದು ಹರಾಜಿಗೆ ಮುನ್ನವೇ ಬರಹದಲ್ಲಿರಬೇಕು. ಅಗೆಯುವಾಗ ಏಳುವ ಧೂಳು ಯಾವ ಕೇರಿಯ ಮೇಲೆ ಬೀಳುತ್ತದೆಂಬುದನ್ನು ಅಲ್ಲಿನ ಜನ ಬೆರಳುಮಾಡಿ ತೋರಿಸಬಲ್ಲರು. ಟೆಂಡರು ಬರೆಯುವವರು ಮೊದಲು ಅವರನ್ನು ಕೇಳಲಿ.